ಸನ್ನಿವೇಲ್‌ನಲ್ಲಿ ಕಾರಿಲ್ಲದೆ ಓಡಾಡಬಹುದೇ?

ಪ್ರಶ್ನೆ: ನನಗೆ 67, ನನ್ನ ಪತ್ನಿಗೆ 62. ದಾವಣಗೆರೆಯವರು. ಮಗಳು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದಾಳೆ. ಐದು ತಿಂಗಳು ಅವಳ ಮನೆಯಲ್ಲಿರಲು ಹೊರಟಿದ್ದೇವೆ. ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. "ಇಲ್ಲಿ ಬಸ್ಸೇ ಇಲ್ಲಪ್ಪ, ಶನಿವಾರ ನಾವೇ ಕರ್ಕೊಂಡು ಹೋಗ್ತೀವಿ" ಅನ್ನುತ್ತಾಳೆ. ಕಳೆದ ವರ್ಷ ಹೋಗಿಬಂದ ಸ್ನೇಹಿತರೊಬ್ಬರು, ಬಸ್ಸು ರೈಲಿನಲ್ಲಿ ಕಾರ್ಡ್ ತಪ್ಪಾಗಿ ತೋರಿಸಿದರೆ ದಂಡ ಹಾಕುತ್ತಾರೆ, ಮುಂದೆ ವೀಸಾಕ್ಕೂ ತೊಂದರೆ ಎಂದು ಹೆದರಿಸಿದ್ದಾರೆ. ಪತ್ನಿಗೆ ಮಂಡಿನೋವು. ಮನೆ ಎಲ್ ಕಮಿನೋ ರಿಯಲ್ ಎಂಬ ದೊಡ್ಡ ರಸ್ತೆಗೆ ಹತ್ತು ನಿಮಿಷದ ನಡಿಗೆಯಂತೆ. ವಾರದ ದಿನಗಳಲ್ಲಿ ನಾವಿಬ್ಬರೇ ಹೊರಗೆ ಹೋಗಿಬರುವುದು ಸಾಧ್ಯವೇ? ಲಿವರ್‌ಮೋರ್ ದೇವಸ್ಥಾನಕ್ಕೂ ಹೋಗುವ ಆಸೆಯಿದೆ.

ಉತ್ತರ: ಸಾಧ್ಯ. ಮನೆ ಎಲ್ ಕಮಿನೋ ಹತ್ತಿರ ಇರುವುದರಿಂದ ನಿಮ್ಮ ಪರಿಸ್ಥಿತಿ ಅಲ್ಲಿಗೆ ಹೋಗುವ ಬಹುಪಾಲು ಅಪ್ಪ ಅಮ್ಮಂದಿರಿಗಿಂತ ಚೆನ್ನಾಗಿದೆ. ಆದರೆ ಊರಿನ ಯಾವ ಮೂಲೆಗಾದರೂ ಬಸ್ಸಿನಲ್ಲಿ ಹೋಗುತ್ತೇನೆ ಎಂದು ಹೊರಟರೆ ಎರಡನೇ ದಿನವೇ ಸಾಕಾಗಿಬಿಡುತ್ತದೆ. ಅಲ್ಲಿ ಮೊದಲು ಬಸ್ಸು ಎಲ್ಲಿ ಹೋಗುತ್ತದೆ ನೋಡಬೇಕು, ಆಮೇಲೆ ನಾವು ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸಬೇಕು.

"ಬಸ್ಸೇ ಇಲ್ಲ" ಎಂಬ ಮಾತು ಕಾರಿನಲ್ಲಿ ಓಡಾಡುವವರ ಅನುಭವ. ಅವರ ಮಟ್ಟಿಗೆ ಅದು ಸುಳ್ಳೂ ಅಲ್ಲ. ಎರಡನೇ ಮಹಾಯುದ್ಧದವರೆಗೆ ಸನ್ನಿವೇಲ್ ಇರುವ ಸಾಂತಾ ಕ್ಲಾರಾ ಕಣಿವೆಯೆಂದರೆ ಏಪ್ರಿಕಾಟ್, ಪ್ರೂನ್, ಚೆರ್ರಿ ತೋಟಗಳು. ಆ ತೋಟಗಳನ್ನು ಕಡಿದು ಬಡಾವಣೆ ಮಾಡಿದ್ದು ಪ್ರತಿ ಮನೆಗೂ ಕಾರಿರುತ್ತದೆ ಎಂಬ ಲೆಕ್ಕದಲ್ಲಿ. ಮನೆಗಳಿರುವಲ್ಲಿ ಅಂಗಡಿಗೆ ಅನುಮತಿ ಇಲ್ಲ, ಅಂಗಡಿಗಳೆಲ್ಲ ದೊಡ್ಡ ರಸ್ತೆಯ ಮೇಲೆ. ಬಡಾವಣೆಯ ಒಳರಸ್ತೆಗಳಲ್ಲಿ ಎಷ್ಟೋ ಮುಂದೆ ಹೋಗಿ ಮುಚ್ಚಿಕೊಳ್ಳುತ್ತವೆ. ಹಿಂದಿನ ಬೀದಿ ಕಣ್ಣಿಗೆ ಕಾಣುತ್ತಿದ್ದರೂ ನಡುವೆ ಕಾಂಪೌಂಡ್ ಗೋಡೆ, ಸುತ್ತುಹಾಕಿಯೇ ಹೋಗಬೇಕು. ಇಂಥ ಒಳರಸ್ತೆಯಲ್ಲಿ ಬಸ್ಸು ಓಡಿಸಿದರೆ ಒಂದು ನಿಲ್ದಾಣಕ್ಕೆ ನಾಲ್ಕು ಜನ ಸಿಗುವುದಿಲ್ಲ. ಹಾಗಾಗಿ ಬಸ್ಸುಗಳೆಲ್ಲ ದೊಡ್ಡ ರಸ್ತೆ ಹಿಡಿದುಕೊಂಡು ಓಡುತ್ತವೆ. ಆ ರಸ್ತೆಗೆ ಹತ್ತಿರವಿರುವವರಿಗೆ ಬಸ್ಸಿದೆ, ಒಳಗಿರುವವರಿಗೆ ಇಲ್ಲ.

ಎಲ್ ಕಮಿನೋ ಅಂಥ ರಸ್ತೆಗಳಲ್ಲೇ ಮುಖ್ಯವಾದದ್ದು. ಅದರ ಮೇಲೆ ವಿಟಿಎ ಎಂಬ ಸ್ಥಳೀಯ ಸಾರಿಗೆ ಸಂಸ್ಥೆಯ 22 ಮತ್ತು 522 ನಂಬರಿನ ಬಸ್ಸುಗಳು ಒಂದು ಕಡೆ ಪಾಲೋ ಆಲ್ಟೋದಿಂದ ಇನ್ನೊಂದು ಕಡೆ ಸ್ಯಾನ್ ಹೋಸೆಯ ಈಸ್ಟ್‌ರಿಜ್‌ವರೆಗೆ ಹೋಗುತ್ತವೆ. ವಾರದ ದಿನ ಹಗಲಿನಲ್ಲಿ ಹೆಚ್ಚುಕಡಿಮೆ ಕಾಲು ಗಂಟೆಗೊಂದು ಸಿಗುತ್ತದೆ. ವ್ಯತ್ಯಾಸ ಇಷ್ಟೇ: 22 ಹತ್ತಿರ ಹತ್ತಿರದ ನಿಲ್ದಾಣಗಳಲ್ಲೆಲ್ಲ ನಿಲ್ಲುತ್ತದೆ, 522 ವೇಗದೂತ, ಮುಖ್ಯ ನಿಲ್ದಾಣಗಳಲ್ಲಿ ಮಾತ್ರ. ಮೊದಲ ವಾರ 22 ಮಾತ್ರ ಹತ್ತಿ. 522 ನಿಮ್ಮ ನಿಲ್ದಾಣ ಬಿಟ್ಟು ಮುಂದೆ ಹೋಗಿ ನಿಂತರೆ ಪತ್ನಿಯವರ ಮಂಡಿಗೆ ಅನಗತ್ಯ ನಡಿಗೆ.

ಈ ಒಂದೇ ಬಸ್ಸಿನಿಂದ ಏನೇನು ಸಿಗುತ್ತದೆ ನೋಡಿ. ಸನ್ನಿವೇಲ್, ಸಾಂತಾ ಕ್ಲಾರಾ ಭಾಗದ ಭಾರತೀಯ ದಿನಸಿ ಅಂಗಡಿ, ಹೋಟೆಲುಗಳಲ್ಲಿ ಬಹಳಷ್ಟು ಇದೇ ರಸ್ತೆಯ ಮೇಲಿವೆ. ಸನ್ನಿವೇಲ್ ಸಾರ್ವಜನಿಕ ಗ್ರಂಥಾಲಯ ರಸ್ತೆಯಿಂದ ಸ್ವಲ್ಪವೇ ಒಳಗೆ. ಒಳಗೆ ಕೂತು ಓದುವುದಕ್ಕೆ ಯಾರೂ ಗುರುತಿನ ಚೀಟಿ ಕೇಳುವುದಿಲ್ಲ, ಶೌಚಾಲಯವೂ ಇದೆ. ಸಾಂತಾ ಕ್ಲಾರಾ ನಿಲ್ದಾಣದಲ್ಲಿ ಇಳಿದರೆ 1777ರಲ್ಲಿ ಸ್ಥಾಪನೆಯಾದ ಮಿಷನ್ ಚರ್ಚು, ಅದರ ಸುತ್ತಲಿನ ವಿಶ್ವವಿದ್ಯಾಲಯದ ಆವರಣ ಹತ್ತಿರ. ಇನ್ನೊಂದು ದಿಕ್ಕಿನಲ್ಲಿ ಕೊನೆಯ ನಿಲ್ದಾಣ ಪಾಲೋ ಆಲ್ಟೋ ರೈಲು ನಿಲ್ದಾಣದ ಬಳಿ. ಅಲ್ಲಿಂದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 'ಮಾರ್ಗರೀಟ್' ಬಸ್ಸು ಹೊರಡುತ್ತದೆ. ಅದು ಹೊರಗಿನವರಿಗೂ ಉಚಿತ. ವಾರದ ದಿನ ಬೆಳಗ್ಗೆ ಹತ್ತಕ್ಕೆ ಮನೆ ಬಿಟ್ಟರೆ ಸ್ಟ್ಯಾನ್‌ಫರ್ಡ್ ನೋಡಿಕೊಂಡು ಸಂಜೆ ಕಾಫಿಗೆ ಮನೆಯಲ್ಲಿರಬಹುದು.

ಎರಡನೆಯದು ಕ್ಯಾಲ್ಟ್ರೇನ್ ಎಂಬ ರೈಲು. ಸ್ಯಾನ್ ಫ್ರಾನ್ಸಿಸ್ಕೋಕ್ಕೆ ಹೋಗಲು ಇದು ಸಲೀಸು. 2024ರ ಸೆಪ್ಟೆಂಬರ್‌ನಿಂದ ವಿದ್ಯುತ್ ರೈಲುಗಳು ಓಡುತ್ತಿವೆ. ಶನಿವಾರ ಭಾನುವಾರವೂ ಅರ್ಧ ಗಂಟೆಗೊಂದು. ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆ, ಎಲ್ಲ ಕಡೆ ನಿಲ್ಲುವುದಾದರೆ ಇನ್ನಷ್ಟು ಹೊತ್ತು. ಸನ್ನಿವೇಲ್ ನಿಲ್ದಾಣ ಎಲ್ ಕಮಿನೋ ಮೇಲಿಲ್ಲ, ಪೇಟೆಯ ಕಡೆ ಒಂದು ಕಿಲೋಮೀಟರಿಗೂ ಹೆಚ್ಚು ಒಳಗಿದೆ. ಬೆಳಗ್ಗೆ ಕೆಲಸಕ್ಕೆ ಹೋಗುವ ಮಗಳು ಅಲ್ಲಿ ಇಳಿಸಿ ಹೋದರೆ ಒಳ್ಳೆಯದು. ಆ ಊರಿನಲ್ಲಿ ಲಾರೆನ್ಸ್ ಎಂಬ ಇನ್ನೊಂದು ನಿಲ್ದಾಣವೂ ಇದೆ. ಸ್ಯಾನ್ ಫ್ರಾನ್ಸಿಸ್ಕೋ ಕಡೆ ಹೋಗುವುದಾದರೆ ಸನ್ನಿವೇಲ್‌ನಿಂದಲೇ ಹತ್ತಿ. ಟಿಕೆಟ್ ದರ ವಲಯದ ಲೆಕ್ಕ. ಸನ್ನಿವೇಲ್ ಮೂರನೇ ವಲಯ, ಲಾರೆನ್ಸ್ ನಾಲ್ಕನೆಯದು, ಒಂದೇ ನಿಲ್ದಾಣದ ಅಂತರಕ್ಕೆ ಒಂದು ವಲಯದ ದುಡ್ಡು ಹೆಚ್ಚು.

ಮೂರನೆಯದು ವಿಟಿಎಯ ಲೈಟ್ ರೈಲು, ಟ್ರಾಮಿನಂಥ ಸಣ್ಣ ರೈಲು. ಅದರ ಕಿತ್ತಳೆ ಮಾರ್ಗ ಮೌಂಟನ್ ವ್ಯೂನಿಂದ ಸನ್ನಿವೇಲ್‌ನ ಉತ್ತರ ಭಾಗ ಹಾಯ್ದು ಮಿಲ್ಪಿಟಾಸ್ ಮೇಲೆ ಆಲಮ್ ರಾಕ್‌ಗೆ ಹೋಗುತ್ತದೆ. ಪರ್ಷಿಯನ್ ಡ್ರೈವ್‌ನಲ್ಲಿರುವ ಸನ್ನಿವೇಲ್ ಹಿಂದೂ ದೇವಸ್ಥಾನ ಈ ಮಾರ್ಗದ ಕಡೆಯೇ ಇದೆ, ಆದರೆ ಇಳಿದ ಮೇಲೆ ನಡೆಯುವುದಿದೆ. ಎಲ್ ಕಮಿನೋ ಪಕ್ಕದ ಮನೆಯಿಂದ ಈ ರೈಲಿಗೆ ನೇರ ದಾರಿಯಿಲ್ಲ. ನಿಮಗೆ ಹೆಚ್ಚು ಉಪಯೋಗಕ್ಕೆ ಬರಲಿಕ್ಕಿಲ್ಲ.

ಈಗ ಕಾರ್ಡಿನ ವಿಷಯ. ನಿಮ್ಮ ಸ್ನೇಹಿತರ ಭಯ ಹುಟ್ಟಿದ್ದು ಇಲ್ಲೇ ಇರಬೇಕು.

ಆ ಇಡೀ ಪ್ರದೇಶದ ಬಸ್ಸು, ರೈಲು, ಮೆಟ್ರೊಗಳಿಗೆಲ್ಲ ಕ್ಲಿಪ್ಪರ್ ಎಂಬ ಒಂದೇ ಕಾರ್ಡು ನಡೆಯುತ್ತದೆ. ಪಡೆಯಲು ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ನಂಬರಾಗಲಿ ಅಲ್ಲಿನ ಬ್ಯಾಂಕ್ ಖಾತೆಯಾಗಲಿ ಬೇಕಿಲ್ಲ. ಸಾಧಾರಣ ಕಾರ್ಡಿಗೆ 3 ಡಾಲರ್. ವಾಲ್‌ಗ್ರೀನ್ಸ್ ಔಷಧಿ ಅಂಗಡಿಗಳಲ್ಲಿ, ರೈಲು ನಿಲ್ದಾಣದ ಯಂತ್ರಗಳಲ್ಲಿ ದುಡ್ಡು ತುಂಬಿಸಬಹುದು.

ನಿಮಗೂ ನಿಮ್ಮ ಪತ್ನಿಗೂ ಬೇರೆ ಬೇರೆ ಕಾರ್ಡು ಬೇಕು, ಮತ್ತು ಬೇರೆ ಬೇರೆ ಬಗೆಯದು. ಅಲ್ಲಿ ಹಿರಿಯ ನಾಗರಿಕರೆಂದರೆ 65 ತುಂಬಿದವರು. ನಿಮಗೆ 67 ಆಗಿರುವುದರಿಂದ ಹಿರಿಯರ ಕ್ಲಿಪ್ಪರ್ ಸಿಗುತ್ತದೆ. ಅದು ಉಚಿತ, ವಯಸ್ಸಿಗೆ ಪುರಾವೆಯಾಗಿ ಭಾರತದ ಪಾಸ್‌ಪೋರ್ಟ್ ಸಾಕು. ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಅಂಚೆಯಲ್ಲಿ ಬರುವವರೆಗೆ ಕಾಯಬೇಕು, ಆದ್ದರಿಂದ ಹೋದ ಮೊದಲ ವಾರವೇ ಹಾಕಿ. ಕಾಯುವುದು ಬೇಡವೆಂದರೆ ಪಾಸ್‌ಪೋರ್ಟ್ ಹಿಡಿದು ಸ್ಯಾನ್ ಹೋಸೆಯ ವಿಟಿಎ ಗ್ರಾಹಕ ಕೇಂದ್ರಕ್ಕೆ ಹೋಗಬಹುದು. ವಿಟಿಎ ಬಸ್ಸಿನಲ್ಲಿ ವಯಸ್ಕರಿಗೆ 2.50 ಡಾಲರ್ ಇರುವಾಗ ಹಿರಿಯರಿಗೆ 1 ಡಾಲರ್. ಕ್ಯಾಲ್ಟ್ರೇನ್‌ನಲ್ಲಿ ಅರ್ಧ. ಬಾರ್ಟ್ ಮೆಟ್ರೊದಲ್ಲಿ ಅರ್ಧಕ್ಕಿಂತಲೂ ಕಡಿಮೆ. ದರಗಳು ಆಗಾಗ ಬದಲಾಗುತ್ತವೆ, ಹೋಗುವ ಮುನ್ನ ಒಮ್ಮೆ ಮಗಳಿಗೆ ನೋಡಲು ಹೇಳಿ.

ಪತ್ನಿಯವರಿಗೆ 62, ಅವರಿಗೆ ಪೂರ್ತಿ ದರ. ನಿಮ್ಮ ಕಾರ್ಡನ್ನು ಅವರಿಗೆ ಕೊಡಬೇಡಿ. ತಪಾಸಣೆಯಲ್ಲಿ ಸಿಕ್ಕಿಬೀಳುವುದು ಇಂಥದ್ದರಲ್ಲೇ. ಅವರು 3 ಡಾಲರಿನ ಕಾರ್ಡು ತೆಗೆದುಕೊಳ್ಳಬಹುದು. ಇಲ್ಲವೇ 2025ರ ಡಿಸೆಂಬರ್‌ನಲ್ಲಿ ಬಂದ ಹೊಸ ಕ್ಲಿಪ್ಪರ್ ವ್ಯವಸ್ಥೆಯಲ್ಲಿ ವೀಸಾ, ಮಾಸ್ಟರ್‌ಕಾರ್ಡ್‌ನ ತಾಗಿಸುವ ಬ್ಯಾಂಕ್ ಕಾರ್ಡನ್ನೇ ನೇರವಾಗಿ ಬಳಸಬಹುದು. ಭಾರತದ ಕಾರ್ಡಾದರೆ ಎರಡು ಮಾತು ನೆನಪಿರಲಿ. ರಿಸರ್ವ್ ಬ್ಯಾಂಕ್ ನಿಯಮದಂತೆ 2020ರ ಅಕ್ಟೋಬರ್‌ನಿಂದ ವಿದೇಶಿ ಬಳಕೆಯನ್ನೂ ತಾಗಿಸಿ ಪಾವತಿಸುವುದನ್ನೂ ನಾವೇ ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿಕೊಳ್ಳಬೇಕು. ದಾವಣಗೆರೆಯಲ್ಲಿರುವಾಗಲೇ ಮಾಡಿ, ಅಲ್ಲಿ ಹೋದ ಮೇಲೆ ಒಟಿಪಿ ಬರುವುದೇ ಒಂದು ಪಾಡು. ಜೊತೆಗೆ ಪ್ರತಿ ಸಲವೂ ವಿದೇಶಿ ವಿನಿಮಯದ ಶುಲ್ಕ ಬೀಳುತ್ತದೆ. ಐದು ತಿಂಗಳು ಇರುವವರಿಗೆ 3 ಡಾಲರಿನ ಕಾರ್ಡೇ ಸರಿ ಎಂಬುದು ನನ್ನ ಅಭಿಪ್ರಾಯ.

ನಗದು ಕೊಟ್ಟೂ ಬಸ್ಸು ಹತ್ತಬಹುದು, ಆದರೆ ಕಂಡಕ್ಟರ್ ಇಲ್ಲ, ಚಿಲ್ಲರೆ ವಾಪಸ್ ಇಲ್ಲ. ಚಾಲಕರ ಪಕ್ಕದ ಪೆಟ್ಟಿಗೆಗೆ 5 ಡಾಲರ್ ಹಾಕಿದರೆ 5 ಹೋಯಿತು. ಕಾರ್ಡಿನ ಇನ್ನೊಂದು ಲಾಭ ದೊಡ್ಡದು: ಮೊದಲ ಸಲ ತಾಗಿಸಿದ ಎರಡು ಗಂಟೆಯೊಳಗೆ ವಿಟಿಎಯ ಇನ್ನೊಂದು ಸಾಮಾನ್ಯ ಬಸ್ಸು ಅಥವಾ ಲೈಟ್ ರೈಲು ಹತ್ತಿದರೆ ಮತ್ತೆ ದುಡ್ಡಿಲ್ಲ. ದಿಕ್ಕಿನ ಕಟ್ಟಳೆಯೂ ಇಲ್ಲ. ಅಂಗಡಿಗೆ ಹೋಗಿ ತರಕಾರಿ ತೆಗೆದುಕೊಂಡು ಎರಡು ಗಂಟೆಯೊಳಗೆ ವಾಪಸ್ ಬಸ್ಸು ಹತ್ತಿದರೆ ಹೋಗಿಬರುವುದು ಒಂದೇ ಟಿಕೆಟ್‌ನಲ್ಲಿ ಮುಗಿಯುತ್ತದೆ. ನಗದಿಗೆ ಈ ಸೌಲಭ್ಯವಿಲ್ಲ.

ತಪ್ಪು ಎಲ್ಲಾಗುತ್ತದೆ ಎಂದರೆ, ಪ್ರತಿ ವಾಹನಕ್ಕೂ ತಾಗಿಸುವ ಪದ್ಧತಿ ಬೇರೆ. ಬಸ್ಸಿನಲ್ಲಿ ಹತ್ತುವಾಗ ಒಮ್ಮೆ, ಇಳಿಯುವಾಗ ಬೇಡ. ಲೈಟ್ ರೈಲಿಗೆ ಹತ್ತುವ ಮುನ್ನ ಪ್ಲಾಟ್‌ಫಾರ್ಮಿನ ಕಂಬದ ಮೇಲಿನ ಯಂತ್ರಕ್ಕೆ ಒಮ್ಮೆ, ಇಳಿದ ಮೇಲೆ ಬೇಡ. ಬಾರ್ಟ್‌ನಲ್ಲಿ ನಮ್ಮ ಮೆಟ್ರೊ ಹಾಗೆಯೇ ಗೇಟಿದೆ, ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ತಾಗಿಸದೆ ಅದು ಬಿಡುವುದಿಲ್ಲ. ಎಡವಟ್ಟಾಗುವುದು ಕ್ಯಾಲ್ಟ್ರೇನ್‌ನಲ್ಲಿ. ಅಲ್ಲಿ ಗೇಟಿಲ್ಲ, ಆದರೂ ಹತ್ತುವ ಮುನ್ನ ಮತ್ತು ಇಳಿದ ಮೇಲೆ, ಎರಡೂ ಸಲ ಪ್ಲಾಟ್‌ಫಾರ್ಮಿನಲ್ಲಿ ತಾಗಿಸಬೇಕು. ಹತ್ತುವಾಗ ಮರೆತರೆ ನಿಮ್ಮ ಬಳಿ ಟಿಕೆಟ್ ಇಲ್ಲ ಎಂದೇ ಅರ್ಥ. ಇಳಿದಾಗ ಮರೆತರೆ ಮಾರ್ಗದ ಕೊನೆಯವರೆಗೆ ಹೋದಿರಿ ಎಂದು ಗರಿಷ್ಠ ದರ ಕಡಿತವಾಗುತ್ತದೆ. ತಡೆಯುವ ಗೇಟು ಕಣ್ಣೆದುರು ಇಲ್ಲದ್ದರಿಂದಲೇ ಜನ ಮರೆಯುತ್ತಾರೆ.

ಇನ್ನೊಂದು ಸಣ್ಣ ಎಡವಟ್ಟಿದೆ. ಪರ್ಸನ್ನೇ ಯಂತ್ರಕ್ಕೆ ಹಿಡಿದರೆ ಒಳಗಿರುವ ಎರಡು ಮೂರು ಕಾರ್ಡುಗಳಲ್ಲಿ ಯಾವುದನ್ನು ಅದು ಓದುತ್ತದೋ ಹೇಳಲಾಗದು. ಹತ್ತುವಾಗ ಒಂದು, ಇಳಿಯುವಾಗ ಇನ್ನೊಂದು ಓದಿಸಿಕೊಂಡರೆ ಎರಡಕ್ಕೂ ದುಡ್ಡು ಹೋಗುತ್ತದೆ. ಕಾರ್ಡನ್ನು ಹೊರಗೆ ತೆಗೆದೇ ತಾಗಿಸಿ.

ಇಷ್ಟಾಗಿಯೂ ದಂಡದ ಚೀಟಿ ಬಂದರೆ? ಕ್ಯಾಲ್ಟ್ರೇನ್, ಬಾರ್ಟ್‌ಗಳಲ್ಲಿ ಟಿಕೆಟ್ ಇಲ್ಲದ ಪ್ರಯಾಣಕ್ಕೆ ಹಾಕುವುದು ಆಡಳಿತಾತ್ಮಕ ದಂಡ. ಪಾರ್ಕಿಂಗ್ ದಂಡದ ಜಾತಿಗೆ ಸೇರಿದ್ದು. ಅದಷ್ಟಕ್ಕೇ ವೀಸಾ ಹೋಗುತ್ತದೆ ಎಂಬುದು ಉತ್ಪ್ರೇಕ್ಷೆ. ಆದರೆ ಚೀಟಿಯನ್ನು ಮಡಚಿ ಜೇಬಿನಲ್ಲಿಟ್ಟು ಮರೆಯಬೇಡಿ. ಅದೇ ದಿನ ಮಗಳ ಕೈಗೆ ಕೊಟ್ಟು ಕಟ್ಟಿಸಿ, ಅಥವಾ ತಪ್ಪಿಲ್ಲವೆಂದಾದರೆ ಚೀಟಿಯಲ್ಲೇ ಇರುವ ಕ್ರಮದಂತೆ ಆಕ್ಷೇಪಣೆ ಹಾಕಿಸಿ. ತಪಾಸಣೆಯವರು ಬಂದಾಗ ಗಾಬರಿಯಾಗದೆ ಕಾರ್ಡು ಕೊಡಿ, ಅವರ ಕೈಯಲ್ಲಿರುವ ಯಂತ್ರವೇ ಎಲ್ಲ ಹೇಳುತ್ತದೆ. ಹೊರಗೆ ಹೋಗುವಾಗ ಐ-94 (ಅಮೆರಿಕಕ್ಕೆ ನೀವು ಬಂದದ್ದರ ಸರ್ಕಾರಿ ದಾಖಲೆ) ಇದರ ಮುದ್ರಿತ ಪ್ರತಿ ಜೊತೆಗಿರಲಿ.

ನಿಜವಾದ ಅಪಾಯ ಬಸ್ಸಿನೊಳಗಿಲ್ಲ, ರಸ್ತೆ ದಾಟುವುದರಲ್ಲಿದೆ. ಎಲ್ ಕಮಿನೋ ಆರು ಪಥದ ರಸ್ತೆ, ತಿರುಗುವ ಪಥಗಳು ಬೇರೆ. ಅಲ್ಲಿ ವಾಹನ ಬಲಬದಿಯಲ್ಲಿ ಓಡುತ್ತದೆ. ಅಂದರೆ ಫುಟ್‌ಪಾತಿನಿಂದ ಕೆಳಗಿಳಿದ ಕೂಡಲೇ ಮೊದಲು ಬರುವ ಕಾರು ನಿಮ್ಮ ಎಡಗಡೆಯಿಂದ ಬರುತ್ತದೆ. ಅರವತ್ತು ವರ್ಷ ಬಲಗಡೆ ನೋಡಿ ದಾಟಿದ ಕುತ್ತಿಗೆ ತಾನಾಗಿ ಬಲಕ್ಕೇ ತಿರುಗುತ್ತದೆ. ಸಿಗ್ನಲ್ ಕಂಬದ ಗುಂಡಿ ಒತ್ತಿ, ಬಿಳಿ ಬಣ್ಣದ ನಡೆಯುವ ಮನುಷ್ಯನ ಚಿತ್ರ ಬಂದ ಮೇಲೆ ಹೊರಡಿ. ಗುಂಡಿ ಒತ್ತದಿದ್ದರೆ ಎಷ್ಟೋ ಕಡೆ ಆ ಚಿತ್ರ ಬರುವುದೇ ಇಲ್ಲ, ಕಾರುಗಳ ಹಸಿರು ದೀಪ ಮಾತ್ರ ಬಂದು ಹೋಗುತ್ತದೆ. ಸೆಕೆಂಡುಗಳ ಎಣಿಕೆ ಶುರುವಾಗಿದ್ದರೆ ಆ ಸಲ ಬಿಟ್ಟುಬಿಡಿ. ಮಂಡಿನೋವಿರುವವರಿಗೆ ಉಳಿದ ಸಮಯ ಸಾಲದು. ಕೆಂಪು ದೀಪವಿದ್ದರೂ ಕಾರುಗಳು ನಿಂತು ನೋಡಿ ಬಲಕ್ಕೆ ತಿರುಗಬಹುದು ಎಂಬ ನಿಯಮ ಅಲ್ಲಿದೆ. ಹಾಗೆ ತಿರುಗುವ ಚಾಲಕರ ಕಣ್ಣು ತಮ್ಮ ಎಡದಿಂದ ಬರುವ ಕಾರಿನ ಮೇಲಿರುತ್ತದೆ, ಬಲಗಡೆ ಕಾಲಿಡುತ್ತಿರುವ ನಿಮ್ಮ ಮೇಲಲ್ಲ. ಅವರ ಕಣ್ಣು ನಿಮ್ಮ ಕಣ್ಣಿಗೆ ಸೇರಿದ ಮೇಲೆಯೇ ಅಡಿಯಿಡಿ. 2023ರಿಂದ ಕ್ಯಾಲಿಫೋರ್ನಿಯಾದಲ್ಲಿ ಅಪಾಯವಿಲ್ಲದಿರುವಾಗ ನಡುವೆ ದಾಟಿದರೆ ಪೊಲೀಸರು ಹಿಡಿಯುವುದಿಲ್ಲ ಎಂದು ಯಾರಾದರೂ ಹೇಳಬಹುದು. ಕಾನೂನು ಹಾಗಿರುವುದು ನಿಜ, ಆದರೆ ಎಲ್ ಕಮಿನೋದಲ್ಲಿ ಆ ಧೈರ್ಯ ಬೇಡ.

ದಿಕ್ಕು ತಪ್ಪುವುದೂ ಇದೇ ಕಾರಣಕ್ಕೆ. ರಸ್ತೆಗೆ ಮುಖ ಮಾಡಿ ನಿಂತರೆ ನೀವು ಹತ್ತಬೇಕಾದ ಬಸ್ಸು ಎಡದಿಂದ ಬಂದು ಬಲಕ್ಕೆ ಹೋಗುತ್ತದೆ, ನಮ್ಮೂರಿನದಕ್ಕೆ ತದ್ವಿರುದ್ಧ. ಹತ್ತುವ ಮುನ್ನ ಬಸ್ಸಿನ ಹಣೆಯ ಮೇಲೆ ಪಾಲೋ ಆಲ್ಟೋ ಎಂದಿದೆಯೋ ಈಸ್ಟ್‌ರಿಜ್ ಎಂದಿದೆಯೋ ಓದಿ. ನಿಲ್ದಾಣವೆಂದರೆ ಹಲವು ಕಡೆ ಬರೀ ಒಂದು ಕಂಬ. ಕಂಬದ ಹತ್ತಿರವೇ ನಿಂತು ಕೈ ತೋರಿಸಿ. ದೂರದ ಮರದ ನೆರಳಲ್ಲಿ ನಿಂತವರನ್ನು ಕಂಡು ಇವರು ಬಸ್ಸಿಗಲ್ಲ ಎಂದುಕೊಂಡು ಚಾಲಕರು ಹೋಗಿಬಿಡುತ್ತಾರೆ. ಇಳಿಯಬೇಕಾದಾಗ ಕಿಟಕಿಯ ಪಕ್ಕದ ಹಗ್ಗ ಎಳೆಯಿರಿ, ಇಲ್ಲದಿದ್ದರೆ ನಿಲ್ಲಿಸುವುದಿಲ್ಲ.

ಮಂಡಿಯ ವಿಷಯಕ್ಕೆ ಬಂದರೆ, ಬಸ್ಸಿನ ಮುಂಬಾಗಿಲನ್ನು ಗಾಳಿ ಬಿಟ್ಟು ತಗ್ಗಿಸಬಹುದು. "ಲೋವರ್ ದ ಬಸ್ ಪ್ಲೀಸ್" ಎಂದು ಕೇಳಿ, ಚಾಲಕರು ಮಾಡಿಕೊಡುತ್ತಾರೆ, ರ‍್ಯಾಂಪ್ ಬೇಕೆಂದರೂ ಹಾಕುತ್ತಾರೆ. ಮುಂದಿನ ಸೀಟುಗಳು ಹಿರಿಯರಿಗೆ, ಕೂತುಕೊಳ್ಳುವವರೆಗೆ ಕಂಬಿ ಬಿಡಬೇಡಿ. ಲೈಟ್ ರೈಲು ಪ್ಲಾಟ್‌ಫಾರ್ಮಿನ ಮಟ್ಟಕ್ಕೇ ಇರುತ್ತದೆ. ಕ್ಯಾಲ್ಟ್ರೇನ್‌ಗೆ ಮಾತ್ರ ಮೆಟ್ಟಿಲು ಹತ್ತಬೇಕು, ಒಳಗೆ ಎರಡು ಅಂತಸ್ತು, ನೀವು ಕೆಳಗಿನದರಲ್ಲೇ ಕೂರಿ. ಫೋನಿನ ನಕ್ಷೆ ಹತ್ತು ನಿಮಿಷದ ನಡಿಗೆ ಎಂದರೆ ಅದು ಗಂಟೆಗೆ ಐದು ಕಿಲೋಮೀಟರ್ ನಡೆಯುವವರ ಲೆಕ್ಕ. ಪತ್ನಿಯವರಿಗೆ ಹದಿನೈದೋ ಹದಿನೆಂಟೋ ಹಿಡಿಯಿರಿ. ಎಲ್ ಕಮಿನೋಗೆ ಹತ್ತು ನಿಮಿಷ ಎಂದು ಮಗಳು ಹೇಳಿದ್ದನ್ನೂ ಹೀಗೇ ಎಣಿಸಿ. ಬಸ್ಸಿನಲ್ಲೂ ನಿಲ್ದಾಣದಲ್ಲೂ ಶೌಚಾಲಯವಿಲ್ಲ. ಕ್ಯಾಲ್ಟ್ರೇನ್ ರೈಲಿನಲ್ಲಿ ಒಂದಿದೆ. ದಾರಿಯಲ್ಲಿ ಸೇಫ್‌ವೇ, ಟಾರ್ಗೆಟ್‌ನಂಥ ದೊಡ್ಡ ಅಂಗಡಿಗಳನ್ನು ಮತ್ತು ಗ್ರಂಥಾಲಯಗಳನ್ನು ಗುರುತು ಹಾಕಿಕೊಳ್ಳಿ.

ಸುರಕ್ಷತೆ ಬಗ್ಗೆ ಮುಚ್ಚುಮರೆ ಬೇಡ. ಮನೆಯಿಲ್ಲದವರು, ತಮ್ಮಷ್ಟಕ್ಕೆ ಜೋರಾಗಿ ಮಾತಾಡಿಕೊಳ್ಳುವವರು ಬಸ್ಸಿನಲ್ಲಿ, ಲೈಟ್ ರೈಲಿನಲ್ಲಿ ಸಿಗುತ್ತಾರೆ. ಹೆಚ್ಚಿನವರು ಯಾರ ತಂಟೆಗೂ ಬರುವುದಿಲ್ಲ. ದಿಟ್ಟಿಸಿ ನೋಡಬೇಡಿ, ಮುಜುಗರ ಅನ್ನಿಸಿದರೆ ಚಾಲಕರ ಹತ್ತಿರದ ಸೀಟಿಗೆ ಬನ್ನಿ. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ನಡುವೆ ಓಡಾಡಿ. ಕತ್ತಲಾದ ಮೇಲೆ ಬಸ್ಸುಗಳ ನಡುವಿನ ಅಂತರ ಹೆಚ್ಚುತ್ತದೆ, ಡಿಸೆಂಬರ್‌ನಲ್ಲಿ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ.

ಹೋಗುವುದಕ್ಕಿಂತ ವಾಪಸ್ ಬರುವುದನ್ನು ಮೊದಲು ನೋಡಿಟ್ಟುಕೊಳ್ಳಿ. ಬಸ್ಸು ರದ್ದಾಗುವುದುಂಟು. 2025ರ ಮಾರ್ಚ್‌ನಲ್ಲಿ ಮುಷ್ಕರದಿಂದ ವಿಟಿಎ ಬಸ್ಸು, ಲೈಟ್ ರೈಲು ಎರಡು ವಾರಕ್ಕೂ ಹೆಚ್ಚು ನಿಂತಿದ್ದವು. ಫೋನಿನಲ್ಲಿ ಅಲ್ಲಿನ ಪ್ರಿಪೇಯ್ಡ್ ಸಿಮ್ ಇರಲಿ. ಗೂಗಲ್ ನಕ್ಷೆ ಅಥವಾ 'ಟ್ರಾನ್ಸಿಟ್' ಆ್ಯಪ್‌ನಲ್ಲಿ ಬಸ್ಸು ಎಲ್ಲಿದೆ ಎಂದು ಕಾಣುತ್ತದೆ. ಬ್ಯಾಟರಿ ಮುಗಿದರೂ ನಡೆಯುವಂತೆ ಮನೆಯ ವಿಳಾಸ, ಇಳಿಯುವ ನಿಲ್ದಾಣದ ಹೆಸರು, ಮಗಳ ನಂಬರು ಒಂದು ಚೀಟಿಯಲ್ಲಿ ಬರೆದು ಇಬ್ಬರ ಬಳಿಯೂ ಇಡಿ. ಅರ್ಧ ದಾರಿಯಲ್ಲಿ ಸಿಕ್ಕಿಕೊಂಡರೆ ಮಗಳು ಆಫೀಸಿನಿಂದಲೇ ತನ್ನ ಊಬರ್ ಆ್ಯಪ್‌ನಲ್ಲಿ ನಿಮ್ಮ ಹೆಸರಿಗೆ ಕಾರು ಕಳಿಸಬಹುದು. ಇದನ್ನು ಒಮ್ಮೆ ಮೊದಲೇ ಮಾಡಿ ನೋಡಿ.

ಮಂಡಿನೋವು ಬಸ್ಸು ಹತ್ತಲಾಗದಷ್ಟು ಇದ್ದರೆ ವಿಟಿಎಯ 'ಆ್ಯಕ್ಸೆಸ್' ಎಂಬ ಮನೆಬಾಗಿಲಿನ ವಾಹನ ಸೇವೆಯಿದೆ. ಅಂಗವಿಕಲರಿಗಾಗಿ ಇರುವ ಇಂಥ ಸೇವೆಯನ್ನು ಹೊರಗಿನಿಂದ ಬಂದವರಿಗೂ ವರ್ಷದಲ್ಲಿ 21 ದಿನ ಕೊಡಬೇಕೆಂದು ಅಮೆರಿಕದ ಕೇಂದ್ರ ನಿಯಮ ಹೇಳುತ್ತದೆ. ವೈದ್ಯರ ಪತ್ರ ಇಂಗ್ಲಿಷಿನಲ್ಲಿ ಒಯ್ಯಿರಿ. ಬರೀ ನಡೆಯಲು ಬೇಸರ ಎಂಬ ಮಟ್ಟದ ನೋವಿಗೆ ಇದು ಸಿಗುವುದಿಲ್ಲ.

ಲಿವರ್‌ಮೋರ್ ಶಿವ-ವಿಷ್ಣು ದೇವಸ್ಥಾನಕ್ಕೆ ನಿಮ್ಮ ಮನೆಯಿಂದ ಬಸ್ಸು ರೈಲಿನಲ್ಲಿ ದಾರಿಯಿದೆ, ಇಲ್ಲವೆಂದಲ್ಲ. ಮೊದಲು ಹೇಗಾದರೂ ಕಿತ್ತಳೆ ಮಾರ್ಗ ಮುಟ್ಟಿ ಮಿಲ್ಪಿಟಾಸ್, ಅಲ್ಲಿ ಬಾರ್ಟ್ ಹತ್ತಿ ಬೇ ಫೇರ್‌ನಲ್ಲಿ ಬದಲಿಸಿ ಡಬ್ಲಿನ್-ಪ್ಲೆಸಂಟನ್, ಅಲ್ಲಿಂದ ಲಿವರ್‌ಮೋರ್ ಕಡೆಯ ಬಸ್ಸು, ಕೊನೆಗೆ ನಡಿಗೆ. ಅರ್ಧ ದಿನ ಹೋಗುವುದಕ್ಕೇ ಬೇಕು, ಒಂದು ಕಡೆ ತಪ್ಪಿದರೆ ಮಂಗಳಾರತಿ ಮುಗಿದಿರುತ್ತದೆ. ಅದನ್ನು ಮಗಳ ಶನಿವಾರದ ಕಾರಿಗೆ ಬಿಡಿ. ನೀವಿಬ್ಬರೂ ಮಂಗಳವಾರವೋ ಬುಧವಾರವೋ 22ರಲ್ಲಿ ಗ್ರಂಥಾಲಯಕ್ಕೆ ಹೋಗಿಬರುವುದರಿಂದ ಶುರುಮಾಡಿ, ಮೊದಲ ಸಲ ಮಗಳನ್ನೂ ಜೊತೆಗೆ ಕರೆದುಕೊಳ್ಳಿ. ಅಷ್ಟು ವರ್ಷ ಅಲ್ಲಿದ್ದರೂ ಅವಳು ಆ ಬಸ್ಸು ಹತ್ತಿರಲಿಕ್ಕಿಲ್ಲ.